ಸದ್ದಿಲ್ಲದ ಮೆರವಣಿಗೆ

ಎಳೆಯ ಮಕ್ಕಳನ್ನು ಆಟದಿಂದ ಊಟಕ್ಕೆ, ಊಟದಿಂದ ನಿದ್ದೆಗೆ ಸಾಗಿಸುವುದೆಂದರೆ ಮಳೆಗಾಲದ ಹೊಳೆಯನ್ನು ದಾಟಿದಂತೆಯೇ ಸರಿ. ಎರಡು ದಡಗಳಲ್ಲಿಯೂ ನೆಲ ಗಟ್ಟಿಯಾಗಿರುತ್ತದೆ, ಅಪಾಯವೆಲ್ಲ ನಡುವೆಯೇ. ಆ ಐದು ನಿಮಿಷಗಳಲ್ಲಿ ನಮ್ಮ ಮನೆಗಳಲ್ಲಿ ಎಷ್ಟು ಗದರಿಕೆ, ಎಷ್ಟು ಅಳು!

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಮದ್ದು ಗುಮ್ಮ. ಅದೂ ಒಂದು ನಟನೆಯೇ. ಆದರೆ ಆ ನಾಟಕದಲ್ಲಿ ಮಗುವಿಗೆ ಪಾತ್ರವಿರಲಿಲ್ಲ. ಹೆದರಿ ಮುದುಡುವುದಷ್ಟೇ ಅದರ ಪಾಲಿಗೆ ಬಂದದ್ದು. ಮಗುವಿಗೂ ಒಂದು ವೇಷ ಕೊಟ್ಟರೆ ಏನಾದೀತು?

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಪಹರೆಯ ಸಿಪಾಯಿಯನ್ನು ಕಂಡು ಬೆರಗಾಗದ ಮಗು ಈ ಊರಿನಲ್ಲಿಲ್ಲ. "ಸುಮ್ಮನೆ ನಿಲ್ಲು" ಎಂದರೆ ಅರೆಗಳಿಗೆ ನಿಲ್ಲದ ನನ್ನ ನಾಲ್ಕು ವರ್ಷದ ಮೊಮ್ಮಗ, "ತಟ್ಟೆ ಹಾಕುವವರೆಗೆ ಈ ಬಾಗಿಲಿನ ಪಹರೆ ನಿನ್ನದು" ಎಂದೊಡನೆ ಎದೆಯುಬ್ಬಿಸಿ ಕಲ್ಲಾಗಿಬಿಡುತ್ತಾನೆ. ಇದು ನಮ್ಮ ಮನೆಯ ಪವಾಡವೇನೂ ಅಲ್ಲ. ಸೋವಿಯತ್ ರಷ್ಯದ ಮನುಯಿಲೆಂಕೊ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ಕಂಡಿದ್ದರು: ಬರಿಯ ಅಪ್ಪಣೆಗೆ ಸ್ಥಿರವಾಗಿ ನಿಲ್ಲಲಾರದ ಎಳೆಯರು, ಪಹರೆಯವರ ಪಾತ್ರ ದೊರೆತಾಗ ಎಷ್ಟೋ ಹೆಚ್ಚು ಹೊತ್ತು ನಿಂತಿದ್ದರು.

ಖಾನಾಪುರದ ನೆಂಟರ ಮನೆಯಲ್ಲಿ ವೇಷ ಬೇರೆ. ಆ ತಾಲ್ಲೂಕಿನ ಬಾರಾಪೇಡೆ ಗುಹೆಗಳು ಬಲು ವಿರಳವಾದೊಂದು ಜಾತಿಯ ಬಾವಲಿಗಳಿಗೆ ಮನೆ. ಆದ್ದರಿಂದ ಮಧ್ಯಾಹ್ನ ಊಟವಾದೊಡನೆ ಅಲ್ಲಿನ ಮಕ್ಕಳೆಲ್ಲ ಬಾವಲಿಗಳು; ತೋಳುಗಳನ್ನು ಮಡಚಿಕೊಂಡು, ಪಿಸುಮಾತೂ ಇಲ್ಲದೆ, ಕತ್ತಲೆಯ ಕೋಣೆಯೆಂಬ ಗುಹೆಯನ್ನು ಸೇರುತ್ತಾರೆ. ಎದ್ದ ಮೇಲೆ ಅವರೇ ಮಲಪ್ರಭೆ. ಹಾಸಿಗೆಯೆಂಬ ಕಣಕುಂಬಿಯಲ್ಲಿ ಹುಟ್ಟಿ, ಸಣ್ಣ ತೊರೆಯಂತೆ ಸಾಲಾಗಿ ಹರಿದು, ಮುಖ ತೊಳೆಯುವ ಬಚ್ಚಲಿಗೆ ಬಂದು ನಿಲ್ಲುತ್ತಾರೆ. ಸಾಲು ಮುರಿದರೆ ನದಿ ಒಣಗಿತೆಂದು ಲೆಕ್ಕ. ಹಾಗಾಗಗೊಡಲು ಯಾವ ಮಗುವಿಗೂ ಮನಸ್ಸಿಲ್ಲ.

ಗುಮ್ಮನಿಗೆ ಹೆದರಿದ ಮಗು ಬಾಯಿ ಮುಚ್ಚುತ್ತದೆ, ನಿಜ; ಆದರೆ ರಾತ್ರಿ ಬೆಚ್ಚಿಬೀಳುತ್ತದೆ. ಬಾವಲಿಯಾದ ಮಗು ತನ್ನ ಮೌನವನ್ನು ತಾನೇ ಕಾಯುತ್ತದೆ, ಕಾದೆನೆಂದು ಹೆಮ್ಮೆಪಡುತ್ತದೆ. ತನ್ನನ್ನು ತಾನು ಆಳಿಕೊಳ್ಳುವ ಮೊದಲ ಪಾಠ ಅದಕ್ಕೆ ಹೀಗೆ ದೊರೆಯುತ್ತದೆ.

ಒಂದೇ ಕಟ್ಟಳೆ: ಹಿರಿಯರೂ ವೇಷ ಹಾಕಬೇಕು. ಆರಾಮಕುರ್ಚಿಯಿಂದ ನುಡಿದರೆ ಆಟವೂ ಅಪ್ಪಣೆಯಾಗಿಬಿಡುತ್ತದೆ. ಸಾಲಿನ ಮುಂದಿನ ಬಾವಲಿ ನಾನೇ. ಮೊಣಕಾಲು ನೋಯುತ್ತದೆ, ಆದರೆ ಆ ಹೊತ್ತಿನಲ್ಲಿ ಮನೆಯ ಗಡಿಯಾರದ ಸದ್ದು ಕೇಳಿಸುತ್ತದೆ.