ಅರ್ಧ ಬಾಗಿಲು ಮುಚ್ಚಿದ ದ್ವೀಪ

ಮಾಂಟ್‌ಸೆರಾಟ್ ದ್ವೀಪದಲ್ಲಿ ದಿನವೂ ಮಧ್ಯಾಹ್ನ 12 ಗಂಟೆಗೆ ಸೈರನ್ ಕೂಗುತ್ತದೆ. ಹೊಸಬರು ಗಾಬರಿಯಿಂದ ಅತ್ತಿತ್ತ ನೋಡುತ್ತಾರೆ. ಊರಿನವರು ತಲೆ ಎತ್ತುವುದೂ ಇಲ್ಲ. ಜ್ವಾಲಾಮುಖಿ ಮತ್ತೆ ಕೆರಳಿದರೆ ಊದಬೇಕಾದ ಕಹಳೆ ಕೆಟ್ಟಿಲ್ಲವಷ್ಟೆ ಎಂದು ಖಾತ್ರಿ ಮಾಡಿಕೊಳ್ಳುವ ನಿತ್ಯದ ಪರೀಕ್ಷೆ ಅದು. ಊಟದ ಹೊತ್ತಾಯಿತೆಂದು ಹೇಳುವ ಗಡಿಯಾರವೂ ಹೌದು.

ವೆಸ್ಟ್ ಇಂಡೀಸ್ ಎಂದರೆ ಕ್ರಿಕೆಟ್ ಎಂದಷ್ಟೇ ತಿಳಿದವರಿಗೆ ಈ ದ್ವೀಪದ ಹೆಸರು ಕಿವಿಗೆ ಬಿದ್ದಿರುವ ಸಂಭವ ಕಡಿಮೆ. ಇಲ್ಲಿಂದ ಒಬ್ಬ ಆಟಗಾರ, ಲಯನಲ್ ಬೇಕರ್, ವೆಸ್ಟ್ ಇಂಡೀಸ್ ಪರ ಮೊದಲ ಟೆಸ್ಟ್ ಆಡಿದ್ದೇ 2008ರಲ್ಲಿ. ಫುಟ್‌ಬಾಲಿನಲ್ಲಿ ಇದಕ್ಕೆ ಬೇರೆ ಬಗೆಯ ಕೀರ್ತಿ ಇದೆ. 2002ರ ಜೂನ್ 30ರಂದು ಜಪಾನಿನಲ್ಲಿ ವಿಶ್ವಕಪ್ ಫೈನಲ್ ನಡೆದಾಗ, ಅದೇ ದಿನ ಭೂತಾನದ ತಿಂಪುವಿನಲ್ಲಿ ಪ್ರಪಂಚದ ಕಟ್ಟಕಡೆಯ ಎರಡು ತಂಡಗಳ ನಡುವೆ ಒಂದು ಪಂದ್ಯ ನಡೆಯಿತು. ಭೂತಾನ 4-0ಯಿಂದ ಗೆದ್ದಿತು. ಸೋತದ್ದು ಮಾಂಟ್‌ಸೆರಾಟ್. ಅಷ್ಟು ದೂರದಿಂದ ಹಿಮಾಲಯದ ಮಡಿಲಿಗೆ ಬಂದು ಕೊನೆಯ ಸ್ಥಾನ ಖಚಿತಪಡಿಸಿಕೊಂಡು ಹೋದವರನ್ನು ಮೆಚ್ಚದಿರುವುದು ಕಷ್ಟ.

ತಲುಪುವುದು ಸ್ವಲ್ಪ ತ್ರಾಸದ ಕೆಲಸವೇ. ಆಂಟಿಗಾದವರೆಗೆ ದೊಡ್ಡ ವಿಮಾನ. ಅಲ್ಲಿಂದ ಬೆರಳೆಣಿಕೆಯ ಆಸನಗಳ ಪುಟ್ಟ ವಿಮಾನದಲ್ಲಿ ಸುಮಾರು 20 ನಿಮಿಷ. ಉತ್ತರದ ಗುಡ್ಡದ ಮೇಲೆ 2005ರಲ್ಲಿ ತೆರೆದ ಪುಟ್ಟ ನಿಲ್ದಾಣದಲ್ಲಿ ಇಳಿದರೆ, ಪಾಸ್‌ಪೋರ್ಟಿನ ಮೇಲೆ ಮೂರೆಲೆಯ ಆಕಾರದ ಮುದ್ರೆ ಬೀಳುತ್ತದೆ. ಅದು ಐರ್ಲೆಂಡಿನ ಲಾಂಛನ. ಕೊಲಂಬಸ್ 1493ರಲ್ಲಿ ಹಡಗಿನಿಂದಲೇ ಈ ದ್ವೀಪವನ್ನು ನೋಡಿ, ಸ್ಪೇನಿನ ಒಂದು ಮಠದ ಹೆಸರಿಟ್ಟು ಮುಂದೆ ಹೋದ. 1632ರಲ್ಲಿ ಪಕ್ಕದ ಸೇಂಟ್ ಕಿಟ್ಸ್ ದ್ವೀಪದಿಂದ ಬಂದು ನೆಲೆಸಿದವರಲ್ಲಿ ಐರಿಷ್ ಕ್ಯಾಥೊಲಿಕರೇ ಹೆಚ್ಚು. ಕಬ್ಬಿನ ತೋಟಕ್ಕೆಂದು ಆಫ್ರಿಕದಿಂದ ಗುಲಾಮರನ್ನು ತರಲಾಯಿತು. ಈಗಿನ ಜನರಲ್ಲಿ ಬಹುಪಾಲು ಆ ಗುಲಾಮರ ಸಂತತಿ. ಅವರ ಮನೆತನದ ಹೆಸರುಗಳು ಮಾತ್ರ ರೈಲಿ, ಸ್ವೀನಿ, ರಯಾನ್! ಯಜಮಾನರು ಹೋದರು, ಅಡ್ಡಹೆಸರು ಉಳಿಯಿತು.

ಸರಿ, ಹೋದವರು ಅಲ್ಲಿ ಮಾಡುವುದೇನು? ಕೆರಿಬಿಯನ್ ಪ್ರವಾಸಿಗರ ವಾಡಿಕೆಯ ಪಟ್ಟಿ ಹಿಡಿದು ಬಂದವರು ಮೊದಲ ದಿನವೇ ನಿರಾಶರಾದಾರು. ಜೂಜಿನ ಅರಮನೆಗಳಿಲ್ಲ, ಬಾನೆತ್ತರದ ಹೋಟೆಲುಗಳಿಲ್ಲ. ಕಡಲತೀರದ ಮರಳು ಚಿತ್ರಪಟದ ಹಾಗೆ ಬೆಳ್ಳಗಿಲ್ಲ. ಬೂದು, ಕೆಲವೆಡೆ ಕಪ್ಪು. ಜ್ವಾಲಾಮುಖಿಯ ನೆಲದಲ್ಲಿ ಮರಳಿಗೆ ಅದೇ ಬಣ್ಣ. ತಿಳಿ ಬಣ್ಣದ ಮರಳಿರುವುದು ಒಂದೇ ಕಡೆ, ಉತ್ತರದ ತುದಿಯ ರಾಂಡೆವೂ ಕೊಲ್ಲಿಯಲ್ಲಿ. ಅಲ್ಲಿಗೆ ರಸ್ತೆಯಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ಲಿಟ್ಲ್ ಬೇ ಎಂಬಲ್ಲಿಂದ ಗುಡ್ಡ ಹತ್ತಿಳಿದು ಬೆವರು ಸುರಿಸಿ ತಲುಪಬೇಕು. ಹಾಗೆ ಬೆವರಿ ಹೋದವನಿಗೆ ಇಡೀ ಕೊಲ್ಲಿ ಒಬ್ಬನಿಗೇ ಸಿಕ್ಕಿದರೆ ಆಶ್ಚರ್ಯವಿಲ್ಲ.

ನಡುವಿನ ಸೆಂಟರ್ ಹಿಲ್ಸ್ ಕಾಡು ಹೆಚ್ಚು ಹೊತ್ತು ಬೇಡುತ್ತದೆ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಮಾಂಟ್‌ಸೆರಾಟ್ ಓರಿಯೋಲ್ ಎಂಬ ಹಕ್ಕಿ ಇಲ್ಲಿದೆ. ಗಂಡು ಕಪ್ಪು-ಹಳದಿ. ಬಾಳೆಯ ದೂರದ ಬಂಧುವಾದ ಹೆಲಿಕೋನಿಯಾದ ಅಗಲ ಎಲೆಯ ತಳಕ್ಕೆ ಜೋಳಿಗೆಯಂತೆ ಗೂಡು ಹೊಲಿದು ನೇತುಹಾಕುತ್ತದೆ. ಎಲೆಯೇ ಅದಕ್ಕೆ ಚಾವಣಿ. ಬೂದಿಯ ಮಳೆ ಸುರಿದ ವರ್ಷಗಳಲ್ಲಿ ದಕ್ಷಿಣದ ಕಾಡು ಸುಟ್ಟು, ಈ ಹಕ್ಕಿಯ ಸಂತತಿಯೇ ಅಳಿಯಿತೇನೋ ಎಂದು ಭಯಪಟ್ಟು ಕೆಲವನ್ನು ಇಂಗ್ಲೆಂಡಿನ ಬಳಿಯ ಜರ್ಸಿ ದ್ವೀಪದ ಮೃಗಾಲಯಕ್ಕೆ ಒಯ್ದದ್ದುಂಟು. ಹಕ್ಕಿ ಉಳಿಯಿತು. ಇದೇ ಕಾಡಿನ ಇನ್ನೊಂದು ನಿವಾಸಿ ದೈತ್ಯ ಕಪ್ಪೆಯ ಕತೆ ಅಷ್ಟು ಸುಖಾಂತವಲ್ಲ. ಸ್ಥಳೀಯರು ಅದನ್ನು ಕರೆಯುವುದು ‘ಬೆಟ್ಟದ ಕೋಳಿ’ ಎಂದು! ತಿಂದವರಿಗೆ ಕೋಳಿಯ ರುಚಿಯೇ ಕಂಡಿತಂತೆ. ಡೊಮಿನಿಕಾ ಮತ್ತು ಮಾಂಟ್‌ಸೆರಾಟ್, ಎರಡೇ ದ್ವೀಪಗಳಲ್ಲಿ ಉಳಿದಿದ್ದ ಈ ಕಪ್ಪೆಯನ್ನು ಬಾಣಲೆಯಾಗಲಿ ಬೂದಿಯಾಗಲಿ ಮುಗಿಸಲಿಲ್ಲ. 2009ರಲ್ಲಿ ಇಲ್ಲಿಗೆ ಕಾಲಿಟ್ಟ, ಕಣ್ಣಿಗೆ ಕಾಣದ ಒಂದು ಚರ್ಮದ ಶಿಲೀಂಧ್ರ ಬಹುತೇಕ ಮುಗಿಸಿಬಿಟ್ಟಿತು. ಯುರೋಪಿನ ಮೃಗಾಲಯಗಳಲ್ಲಿ ಮರಿ ಮಾಡಿಸಿ ಮತ್ತೆ ತವರಿಗೆ ತಂದು ಬಿಡುವ ಪ್ರಯತ್ನ ನಡೆದಿದೆ.

ರಸ್ತೆ ಬದಿಯಲ್ಲಿ ‘ರನ್‌ಅವೇ ಘಾಟ್’ ಎಂಬ ತೊರೆಯ ನೀರಿಗೆ ಒಂದು ನಲ್ಲಿ ಇಟ್ಟಿದ್ದಾರೆ. ಆ ನೀರು ಕುಡಿದವರು ಮತ್ತೆ ಮತ್ತೆ ಈ ದ್ವೀಪಕ್ಕೆ ಬರುತ್ತಾರೆ ಎಂಬ ಮಾತಿದೆ. ಬೆಟ್ಟದಿಂದ ಸಮುದ್ರಕ್ಕೆ ಇಳಿಯುವ ಕಂದರಗಳಿಗೆ ಇಲ್ಲಿ ಇದೇ ಹೆಸರು. ಬರೆಯುವುದು ಘಾಟ್, ಉಚ್ಚಾರ ಮಾತ್ರ ‘ಗಟ್’. ಹಳೆಯ ಇಂಗ್ಲಿಷ್ ಬರಹಗಳಲ್ಲಿ ನಮ್ಮ ಪಶ್ಚಿಮ ಘಟ್ಟವನ್ನು ಬರೆಯುತ್ತಿದ್ದ ಅದೇ ಐದು ಅಕ್ಷರಗಳನ್ನು ಅಟ್ಲಾಂಟಿಕ್ ಆಚೆಯ ನಾಮಫಲಕದಲ್ಲಿ ಕಂಡ ಕನ್ನಡಿಗ ಒಂದು ಕ್ಷಣ ನಿಲ್ಲದೆ ಇರಲಾರ.

ಆದರೆ ಈ ದ್ವೀಪದಲ್ಲಿ ಯಾವ ದಾರಿ ಹಿಡಿದರೂ, ಯಾವ ಮಾತು ತೆಗೆದರೂ, ಅದು ಸುತ್ತಿ ಬಳಸಿ ದಕ್ಷಿಣದ ಬೆಟ್ಟಕ್ಕೇ ಬಂದು ನಿಲ್ಲುತ್ತದೆ. ಸೂಫ್ರಿಯೇರ್ ಹಿಲ್ಸ್ ಎಂದು ಅದರ ಹೆಸರು. ಫ್ರೆಂಚ್ ಭಾಷೆಯ ಗಂಧಕದಿಂದ ಬಂದ ಪದ. ಹೆಸರಿನಲ್ಲೇ ಎಚ್ಚರಿಕೆ ಇತ್ತು. ಆದರೆ ಜನ ನೆಲೆಸಿದ ಮೇಲೆ ಮೂರೂವರೆ ಶತಮಾನ ಸುಮ್ಮನಿದ್ದ ಬೆಟ್ಟದ ಬಗ್ಗೆ ಯಾರು ಹೆದರಿಯಾರು? ಅದರ ಬುಡದಲ್ಲೇ ರಾಜಧಾನಿ ಪ್ಲಿಮತ್ ಬೆಳೆಯಿತು. 1989ರ ಸೆಪ್ಟೆಂಬರ್ 17ರಂದು ಹ್ಯೂಗೋ ಚಂಡಮಾರುತ ದ್ವೀಪದ ಬಹುಪಾಲು ಮನೆಗಳ ಚಾವಣಿ ಹಾರಿಸಿತು. ಜನ ಮತ್ತೆ ಕಟ್ಟಿದರು. ಸರ್ಕಾರಿ ಕಟ್ಟಡ, ಆಸ್ಪತ್ರೆ ಎಲ್ಲ ಹೊಸದಾಗಿ ಎದ್ದವು. ಬಣ್ಣ ಆರುವ ಹೊತ್ತಿಗೆ, 1995ರ ಜುಲೈ 18ರಂದು, ಬೆಟ್ಟ ಬೂದಿ ಉಗುಳಿತು.

ಹವಾಯಿಯ ಲಾವಾದಂತೆ ಈ ಬೆಟ್ಟದ ಲಾವಾ ನೀರಾಗಿ ಹರಿಯುವುದಿಲ್ಲ. ಅದು ಗಟ್ಟಿ, ಅಂಟು. ಜ್ವಾಲಾಮುಖಿಯ ಬಾಯಲ್ಲೇ ಗುಮ್ಮಟದಂತೆ ಗುಡ್ಡೆಯಾಗುತ್ತಾ ಹೋಗುತ್ತದೆ. ಗುಮ್ಮಟ ತನ್ನ ಭಾರ ತಾನೇ ತಡೆಯದೆ ಕುಸಿದಾಗ, ನೂರಾರು ಡಿಗ್ರಿ ಬಿಸಿಯ ಅನಿಲ, ಬೂದಿ, ಬಂಡೆ ಒಟ್ಟಾಗಿ ಕಣಿವೆಯಲ್ಲಿ ನುಗ್ಗುತ್ತವೆ. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಪ್ಲಿಮತ್‌ನ ಜನ 1995ರ ಆಗಸ್ಟಿನಲ್ಲಿ ಊರು ಬಿಟ್ಟರು, ಮರಳಿದರು. ಡಿಸೆಂಬರಿನಲ್ಲಿ ಮತ್ತೆ ಬಿಟ್ಟರು, ಮತ್ತೆ ಮರಳಿದರು. 1996ರ ಏಪ್ರಿಲಿನಲ್ಲಿ ಮೂರನೆಯ ಸಲ ಹೊರಟಾಗ, ಹಿಂದಿನ ಎರಡು ಸಲದಂತೆ ಇದೂ ಕೆಲವು ವಾರಗಳ ಮಾತು ಎಂದುಕೊಂಡವರೇ ಬಹಳ. ಮೇಜಿನ ಮೇಲಿನ ಲೋಟ ಮೇಜಿನ ಮೇಲೇ ಉಳಿಯಿತು. ಉತ್ತರದ ಚರ್ಚು, ಶಾಲೆ, ಡೇರೆಗಳಲ್ಲಿ ತಿಂಗಳುಗಟ್ಟಲೆ ಒತ್ತೊತ್ತಾಗಿ ಬದುಕು. ಕೃಷಿಯ ಒಳ್ಳೆಯ ಭೂಮಿಯೆಲ್ಲ ನಿಷೇಧಿತ ವಲಯದಲ್ಲಿ. ಬೆಳೆ ನೋಡಲು, ಗೆಡ್ಡೆ ಕೀಳಲು ರೈತರು ಕದ್ದು ಮುಚ್ಚಿ ಹೋಗುತ್ತಿದ್ದರು. 1997ರ ಜೂನ್ 25ರಂದು ಗುಮ್ಮಟ ಕುಸಿದಾಗ ಸತ್ತ 19 ಮಂದಿಯಲ್ಲಿ ಅಂಥವರು ಇದ್ದರು. ಮುಂದೆ ನಡೆದ ಮರಣ ವಿಚಾರಣೆಯಲ್ಲಿ ಜ್ಯೂರಿ, ಕೆಲವು ಸಾವುಗಳಿಗೆ ಸುರಕ್ಷಿತ ಭಾಗದಲ್ಲಿ ಸಾಗುವಳಿಗೆ ಭೂಮಿ ಒದಗಿಸದಿದ್ದುದೂ ಕಾರಣವೆಂದು ಬ್ರಿಟಿಷ್ ಸರ್ಕಾರದತ್ತ ಬೆರಳು ತೋರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಪ್ಲಿಮತ್ ಹೊತ್ತಿ ಉರಿಯಿತು.

ಆ ಆಗಸ್ಟಿನಲ್ಲೇ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಚಿವೆಯಾಗಿದ್ದ ಕ್ಲೇರ್ ಶಾರ್ಟ್, ದ್ವೀಪದವರ ನೆರವಿನ ಬೇಡಿಕೆ ಹೀಗೇ ಬೆಳೆದರೆ ಮುಂದೆ ಚಿನ್ನದ ಆನೆಗಳನ್ನೂ ಕೇಳಿಯಾರು ಎಂಬರ್ಥದಲ್ಲಿ ಮಾತನಾಡಿದರು. ಮನೆ ಸುಟ್ಟುಕೊಂಡು ಡೇರೆಯಲ್ಲಿ ಕುಳಿತವರ ಕಿವಿಗೆ ಆ ಮಾತು ಹೇಗೆ ಕೇಳಿಸಿರಬೇಡ! ಮುಂದೆ ಅವರು ವಿಷಾದ ವ್ಯಕ್ತಪಡಿಸಿದರೂ, ಮಾತು ಮಾತ್ರ ಮಾಂಟ್‌ಸೆರಾಟ್‌ನ ಚರಿತ್ರೆಯೊಳಗೆ ಸೇರಿಹೋಯಿತು. ಹನ್ನೊಂದು ಸಾವಿರದಷ್ಟಿದ್ದ ಜನರಲ್ಲಿ ಮೂರರಲ್ಲಿ ಎರಡು ಪಾಲು ಆಂಟಿಗಾ, ಇಂಗ್ಲೆಂಡ್ ಎಂದು ಚದುರಿದರು. 2002ರಲ್ಲಿ ಪೂರ್ಣ ಬ್ರಿಟಿಷ್ ಪೌರತ್ವವೂ ಸಿಕ್ಕಿದ ಮೇಲೆ ಹೋದವರಲ್ಲಿ ಹೆಚ್ಚಿನವರು ಅಲ್ಲೇ ಬೇರು ಬಿಟ್ಟರು. ಈಗ ದ್ವೀಪದಲ್ಲಿರುವವರು ಸುಮಾರು ನಾಲ್ಕೂವರೆ ಸಾವಿರ.

ಕೊನೆಯ ದೊಡ್ಡ ಸ್ಫೋಟ 2010ರ ಫೆಬ್ರುವರಿ 11ರದು. ಆಮೇಲೆ ಬೆಟ್ಟ ಹೊಗೆಯಾಡುತ್ತಾ ಕುಳಿತಿದೆ. ಫ್ಲೆಮಿಂಗ್ಸ್ ಎಂಬಲ್ಲಿ ವಿಜ್ಞಾನಿಗಳ ವೀಕ್ಷಣಾಲಯವಿದೆ. ಬೆಟ್ಟದ ಉಬ್ಬರವಿಳಿತ, ಕಂಪನ, ಗಂಧಕದ ಅನಿಲ ಎಲ್ಲವನ್ನೂ ಹಗಲಿರುಳು ಅಳೆಯುತ್ತಾರೆ. ಇಂಥ ಬೆಟ್ಟವನ್ನು ಸತ್ತಿದೆ ಎನ್ನುವ ಧೈರ್ಯ ಯಾವ ವಿಜ್ಞಾನಿಗೂ ಇಲ್ಲ.

ಬಂದವರೆಲ್ಲ ನೋಡಲು ಬಯಸುವುದು ಪ್ಲಿಮತ್‌ನ್ನೇ. ಅನುಮತಿ ಪಡೆದ ಗೈಡ್ ಜೊತೆಗೆ, ಹಗಲಿನಲ್ಲಿ ಮಾತ್ರ, ಗೇಟು ದಾಟಿ ಹೋಗಬಹುದು. ದಾರಿಯಲ್ಲಿ ಸಿಗುವ ಬೆಲ್‌ಹ್ಯಾಮ್ ಕಣಿವೆಯಲ್ಲಿ ಒಂದು ಗಾಲ್ಫ್ ಮೈದಾನವಿತ್ತು, ಸೇತುವೆಯಿತ್ತು. ಪ್ರತಿ ಮಳೆಗಾಲವೂ ಬೆಟ್ಟದ ಬೂದಿಯನ್ನು ಕೆಸರು ಮಾಡಿ ತಂದು ಸುರಿದು ಎರಡನ್ನೂ ಹೂತಿತು. ಪ್ಲಿಮತ್ ಹೂತುಹೋದದ್ದೂ ಬಹುಮಟ್ಟಿಗೆ ಹೀಗೆಯೇ, ಒಂದೇ ದಿನದಲ್ಲಲ್ಲ. ಈಗ ಎರಡು-ಮೂರು ಅಂತಸ್ತಿನ ಕಟ್ಟಡಗಳ ತುದಿ ಮಾತ್ರ ಕಾಣುತ್ತದೆ. ಕಾಲಿಟ್ಟ ನೆಲವೆಂದರೆ ಬೀದಿಯಲ್ಲ, ಯಾವುದೋ ಅಂಗಡಿಯ ಮಹಡಿಯ ಮಟ್ಟ. ಕಿಟಕಿಯೊಳಗೆ ಇಣುಕಿದರೆ ಬೂದಿಯಲ್ಲಿ ಅರ್ಧ ಮುಳುಗಿದ ಕುರ್ಚಿ, ಕಪಾಟು. ಕಾಗದಪತ್ರದ ಮೇಲೆ ಇಂಗ್ಲೆಂಡಿನ ರಾಜಧಾನಿ ಲಂಡನ್ ಇದ್ದಂತೆ ಮಾಂಟ್‌ಸೆರಾಟ್‌ನ ರಾಜಧಾನಿ ಇಂದಿಗೂ ಪ್ಲಿಮತ್! ಒಬ್ಬನೇ ಒಬ್ಬ ನಿವಾಸಿಯಿಲ್ಲದ ರಾಜಧಾನಿ.

ಪ್ರವಾಸದ ಕರಪತ್ರಗಳು ಇದನ್ನು ಕೆರಿಬಿಯನ್ನಿನ ಪಾಂಪೆ ಎನ್ನುತ್ತವೆ. ಹೋಲಿಕೆ ಆಕರ್ಷಕ, ಆದರೆ ಅಷ್ಟು ಸರಿಯಲ್ಲ. ಪಾಂಪೆಯ ಮನೆಗಳ ಯಜಮಾನರು ತೀರಿಹೋಗಿ ಎರಡು ಸಾವಿರ ವರ್ಷವಾಗುತ್ತಾ ಬಂತು. ಪ್ಲಿಮತ್‌ನ ಮನೆಗಳ ಯಜಮಾನರಲ್ಲಿ ಅನೇಕರು ಬದುಕಿದ್ದಾರೆ. ಕ್ರಯಪತ್ರ ಪೆಟ್ಟಿಗೆಯಲ್ಲಿದೆ, ಮನೆ ಬೂದಿಯಡಿಯಲ್ಲಿದೆ. ಕ್ಯಾಮೆರಾ ಹಿಡಿದವನಿಗೆ ಗೈಡ್ ತೋರಿಸುವ ಬೀದಿ, ಆ ಗೈಡ್ ಚಿಕ್ಕಂದಿನಲ್ಲಿ ಶಾಲೆಗೆ ನಡೆದುಹೋದ ಬೀದಿಯೇ ಆಗಿರಬಹುದು. ಬೇರೆಯವರ ಮನೆಯ ಹಾಳನ್ನು ನೋಡಲು ದುಡ್ಡು ಕೊಟ್ಟು ಹೋಗುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿ ಎದ್ದೇ ಏಳುತ್ತದೆ. ನೋಡಬಾರದು ಎನ್ನುವಂತಿಲ್ಲ, ಆ ದುಡ್ಡೇ ಕೆಲವರ ಜೀವನ. ಕಳೆದುಕೊಂಡವರೇ ಕತೆ ಹೇಳುವಾಗ ಕೇಳಿಸಿಕೊಳ್ಳುವುದು ಮರ್ಯಾದೆಯೂ ಹೌದು. ಆದರೆ ಸುಟ್ಟ ಕಿಟಕಿಗೆ ಒರಗಿ ನಗುತ್ತಾ ಫೋಟೋ ತೆಗೆಸಿಕೊಳ್ಳುವುದಂತೂ ಬೇಡ.

ಸಂಗೀತದ ಹುಚ್ಚಿರುವವರು ಇನ್ನೊಂದು ಹಾಳು ಕಟ್ಟಡವನ್ನು ವಿಚಾರಿಸಿಕೊಂಡು ಬರುತ್ತಾರೆ. ಬೀಟಲ್ಸ್ ತಂಡದ ಧ್ವನಿಮುದ್ರಣಗಳ ಹಿಂದಿದ್ದ ಜಾರ್ಜ್ ಮಾರ್ಟಿನ್ 1979ರಲ್ಲಿ ಇಲ್ಲಿ ಏರ್ ಸ್ಟುಡಿಯೋ ತೆರೆದರು. ಎಲ್ಟನ್ ಜಾನ್, ಪೊಲೀಸ್, ಡೈರ್ ಸ್ಟ್ರೇಟ್ಸ್ ಎಲ್ಲ ಬಂದು ಹಾಡಿದರು. ಹತ್ತೇ ವರ್ಷ, ಹ್ಯೂಗೋ ಅದನ್ನೂ ಮುಗಿಸಿತು. ಮಾರ್ಟಿನ್ ದ್ವೀಪವನ್ನು ಮರೆಯಲಿಲ್ಲ. 1997ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಛೇರಿ ಏರ್ಪಡಿಸಿ ನಿಧಿ ಕೂಡಿಸಿದರು. ಲಿಟ್ಲ್ ಬೇಯ ಸಾಂಸ್ಕೃತಿಕ ಭವನಕ್ಕೆ ಅವರ ನೆರವು ಇದೆ. ಇನ್ನು ‘ಹಾಟ್ ಹಾಟ್ ಹಾಟ್’ ಎಂಬ ಹಾಡನ್ನು ಲೋಕಕ್ಕೆಲ್ಲ ಕುಣಿಸಿದ ಆ್ಯರೋ ಈ ಮಣ್ಣಿನವನೇ.

ದ್ವೀಪ ತುಂಬಿಕೊಳ್ಳುವುದು ಮಾರ್ಚಿನಲ್ಲಿ. ಸೇಂಟ್ ಪ್ಯಾಟ್ರಿಕ್ ದಿನ, ಮಾರ್ಚ್ 17, ಐರ್ಲೆಂಡಿನ ಆಚೆ ಸಾರ್ವಜನಿಕ ರಜೆಯಾಗಿರುವ ಕೆಲವೇ ಸ್ಥಳಗಳಲ್ಲಿ ಇದೊಂದು. ಆದರೆ ಇಲ್ಲಿಯ ಹಬ್ಬದ ತಿರುಳು ಬೇರೆ. 1768ರಲ್ಲಿ ಒಡೆಯರು ಹಬ್ಬದ ಅಮಲಿನಲ್ಲಿರುವ ಅದೇ ದಿನ ದಂಗೆ ಏಳಬೇಕೆಂದು ಗುಲಾಮರು ಸಂಚು ಹೂಡಿದ್ದರು. ಗುಟ್ಟು ಹೊರಬಿತ್ತು, ಒಂಬತ್ತು ಜನರನ್ನು ನೇಣಿಗೆ ಹಾಕಲಾಯಿತು. ಹಸಿರು ಅಂಗಿ ತೊಟ್ಟು ಕುಣಿಯುವ ಜನ ಸೋತ ಆ ದಂಗೆಯನ್ನೂ ನೆನೆಯುತ್ತಾರೆ. ಇಂಗ್ಲೆಂಡು, ಅಮೆರಿಕಗಳಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ‘ಗೋಟ್ ವಾಟರ್’ ಕುದಿಯುತ್ತದೆ. ಹೆಸರು ಕೇಳಿ ಮೂಗು ಮುರಿಯಬೇಕಿಲ್ಲ. ಲವಂಗ ಹಾಕಿ ಗಂಟೆಗಟ್ಟಲೆ ಬೇಯಿಸಿದ ಮೇಕೆ ಮಾಂಸದ ಸಾರು ಅದು, ಅದ್ದಿಕೊಳ್ಳಲು ಬ್ರೆಡ್ಡು. ಹೊರಗಿನವನಿಗೂ ಒಂದು ಬಟ್ಟಲು ಸಿಗುತ್ತದೆ. ಹಬ್ಬ ಮುಗಿದ ಮೇಲೆ ಬಂದವರು ಪುಟ್ಟ ವಿಮಾನಗಳಲ್ಲಿ ಹಿಂತಿರುಗುತ್ತಾರೆ, ದ್ವೀಪ ಮತ್ತೆ ತನ್ನ ಮೌನಕ್ಕೆ.

ಲಿಟ್ಲ್ ಬೇಯಲ್ಲಿ ಹೊಸ ಪಟ್ಟಣ ಮೆಲ್ಲಗೆ ಏಳುತ್ತಿದೆ. ಬೆಟ್ಟದ ಒಡಲಿನ ಶಾಖದಿಂದ ವಿದ್ಯುತ್ ತೆಗೆಯಬೇಕೆಂದು 2013ರಲ್ಲಿ ಬಾವಿಗಳನ್ನೂ ಕೊರೆದಿದ್ದಾರೆ. ಸದ್ಯಕ್ಕೆ ಬೆಟ್ಟ ಕೊಟ್ಟಿರುವ ಲಾಭವೆಂದರೆ ಮರಳು. ಊರನ್ನು ಹೂತ ಆ ಬೂದಿ-ಮರಳನ್ನೇ ಜರಡಿ ಹಿಡಿದು, ಲಾರಿಗಳಲ್ಲಿ ತುಂಬಿ, ಪ್ಲಿಮತ್‌ನ ಧಕ್ಕೆಯಿಂದ ಹಡಗಿಗೆ ಹಾಕಿ ಅಕ್ಕಪಕ್ಕದ ದ್ವೀಪಗಳಿಗೆ ಮಾರುತ್ತಾರೆ. ಅಲ್ಲಿ ಆ ಮರಳಿನಿಂದ ಮನೆಗಳು ಏಳುತ್ತವೆ. ಸಂಜೆಯಾಗುವ ಮೊದಲೇ ಲಾರಿಗಳೂ ಪ್ರವಾಸಿಗರೂ ಉತ್ತರಕ್ಕೆ ಹೊರಡಬೇಕು. ಆಮೇಲೆ ಗೇಟು ಮುಚ್ಚುತ್ತಾರೆ.