ಜರಡಿಯಲ್ಲಿ ಉಳಿದ ಚರಟ

ನನಗೆ ಕಾಗದದ ಮೇಲೆ ನಂಬಿಕೆ ಹೆಚ್ಚು. ವಾರ್ಡಿಗೆ ಹೋದರೆ ಮೊದಲು ಕೈ ಹೋಗುವುದು ಮಂಚದ ತುದಿಯಲ್ಲಿ ತೂಗುವ ಫೈಲಿಗೆ, ರೋಗಿಯ ಕೈಗಲ್ಲ. ಹಿಮೋಗ್ಲೋಬಿನ್ ಎಷ್ಟು, ಸೋಡಿಯಂ ಎಷ್ಟು, ನಿನ್ನೆ ನಳಿಕೆಯಲ್ಲಿ ಎಷ್ಟು ಮಿಲಿಲೀಟರ್ ಹೋಯಿತು, ಇದೆಲ್ಲ ಓದಿ ಮುಗಿದ ಮೇಲೆ ತಲೆ ಎತ್ತಿ ಮುಖ ನೋಡುತ್ತೇನೆ. ಡಯಟೀಷಿಯನ್ ಕೆಲಸಕ್ಕೆ ಸೇರಿದಾಗಿನಿಂದ ಇದೇ ಸ್ವಭಾವ. ಇದು ಶಿಸ್ತು ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ನಿಜವೇ ಎಂದು ಈಗ ಕೇಳಿಕೊಳ್ಳಬೇಕಾಗಿದೆ. ಏಕೆಂದರೆ ನಾನು ನೋಡಿಕೊಳ್ಳುವವರು ಬಾಯಿಂದ ಉಣ್ಣಲಾರದವರು. ಪಾರ್ಶ್ವವಾಯು ಬಡಿದು ನುಂಗುವುದು ನಿಂತವರು, ಗುಟ್ಕಾ ಜಗಿದು ಜಗಿದು ಬಾಯಿ ಎರಡು ಬೆರಳಗಲವೂ ತೆರೆಯದಂತಾದವರು, ಅನ್ನನಾಳದಲ್ಲಿ ಗಡ್ಡೆಯಾದವರು, ಐಸಿಯುವಿನಲ್ಲಿ ಎಚ್ಚರವಿಲ್ಲದವರು. ತಟ್ಟೆಯಲ್ಲಿ ಬಿಟ್ಟದ್ದನ್ನು ನೋಡಿ ಇವರ ಹಸಿವನ್ನು ಅಳೆಯಲಾಗದು. ಅವರ ಮುಂದೆ ತಟ್ಟೆಯೇ ಇರುವುದಿಲ್ಲ.

ಕಾಗದ ಸುಳ್ಳು ಹೇಳುತ್ತದೆ ಎಂದಲ್ಲ. ಆದರೆ ನಾವು ಕೇಳುವ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದಿಲ್ಲ. ರಕ್ತದಲ್ಲಿ ಅಲ್ಬುಮಿನ್ ಇಳಿದರೆ ಪೋಷಣೆ ಇಳಿದಿದೆ ಎಂದೇ ನಾವೆಲ್ಲ ಓದಿದ್ದು. ಸೋಂಕು ತಗುಲಿದಾಗ, ದೊಡ್ಡ ಶಸ್ತ್ರಚಿಕಿತ್ಸೆ ಆದಾಗ, ನಿನ್ನೆಯವರೆಗೆ ಹೊಟ್ಟೆ ತುಂಬ ಉಂಡವನಲ್ಲೂ ಅಲ್ಬುಮಿನ್ ಕುಸಿಯುತ್ತದೆ. ಸೋಂಕಿಲ್ಲದೆ ಬರಿಯ ಉಪವಾಸದಿಂದ ಕೃಶನಾದವನಲ್ಲಿ ಅದು ಬಹುಕಾಲ ಸರಿಯಾಗಿಯೇ ಕಾಣುತ್ತದೆ. ಅದು ಪೋಷಣೆಯ ಅಳತೆಗೋಲಲ್ಲ ಎಂದು ಅಮೆರಿಕದ ಪೋಷಣಾ ತಜ್ಞರ ಸಂಘ ಆಸ್ಪೆನ್ ಸ್ಪಷ್ಟವಾಗಿ ಬರೆದಿದೆ. ಉರಿಯೂತ ಇದ್ದಾಗ ರಕ್ತದ ಸತು ಇಳಿಯುತ್ತದೆ, ಫೆರಿಟಿನ್ ಏರುತ್ತದೆ. ಕಬ್ಬಿಣದ ಕೊರತೆ ಆ ಏರಿಕೆಯ ಹಿಂದೆ ಅಡಗಿ ಕೂರುತ್ತದೆ. ತೂಕವೂ ಹಾಗೆಯೇ. ಮೈಯಲ್ಲಿ ನೀರು ತುಂಬಿಕೊಂಡರೆ ಸ್ನಾಯು ಕರಗುತ್ತಿದ್ದರೂ ತಕ್ಕಡಿಯ ಮುಳ್ಳು ಅಲ್ಲಾಡುವುದಿಲ್ಲ. ಇಷ್ಟಕ್ಕೂ ಏಳಲಾರದವರನ್ನು ತೂಗುವವರು ಯಾರು? ಆಸ್ಪತ್ರೆಗಳಲ್ಲಿ ರೋಗಿಯ ಎತ್ತರ, ತೂಕ ಬರೆದಿಡುವುದೇ ಇಲ್ಲ ಎಂದು ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ 1974ರಲ್ಲಿ ನೋವಿನಿಂದ ಬರೆದಿದ್ದರು. ಆ ಕಾಲಂ ಖಾಲಿಯಿರುವ ಫೈಲುಗಳು ಇಂದಿಗೂ ನನ್ನ ಕೈಗೆ ಬರುತ್ತವೆ.

ಇದೆಲ್ಲ ಗೊತ್ತಿದ್ದೂ ಮನಸ್ಸು ಅಂಕಿಯ ಕಡೆಗೇ ವಾಲುತ್ತದೆ. ಏಕೆ? ಅಂಕಿ ನನ್ನನ್ನು ತಿರುಗಿ ನೋಡುವುದಿಲ್ಲ. ಕೆನ್ನೆಯ ಪಕ್ಕದ ಗುಳಿ, ಎದ್ದು ಕಾಣುವ ಕೊರಳೆಲುಬು, ಹೆಬ್ಬೆರಳು ತೋರುಬೆರಳುಗಳ ನಡುವೆ ಬತ್ತಿದ ಮಾಂಸ ಇವುಗಳನ್ನು ಮುಟ್ಟಿ ನೋಡುವಾಗ ಪಕ್ಕದಲ್ಲಿ ಮಗಳೋ ಹೆಂಡತಿಯೋ ನಿಂತಿರುತ್ತಾರೆ. ನನ್ನ ಬೆರಳು ಎಲ್ಲಿ ನಿಂತಿತು ಎಂಬುದನ್ನು ಅವರು ನೋಡುತ್ತಾರೆ. ಮುಟ್ಟಿ ತಿಳಿದದ್ದಕ್ಕೆ ಆಗಲೇ, ಅಲ್ಲೇ ಉತ್ತರ ಹೇಳಬೇಕು. ನನ್ನ ಶಿಸ್ತಿನಲ್ಲಿ ಒಂದು ಪಾಲು ಆ ಉತ್ತರದ ಭಯ.

ಆ ಮಗಳ ಮಾತನ್ನೇ ನಾನು ಕೊನೆಗೆ ಕೇಳುವುದು. ಕೇಳಿದರೆ ಅವಳು ಹೇಳುವುದು ಯಾವ ಚಾರ್ಟಿನಲ್ಲೂ ಇರುವುದಿಲ್ಲ. ಮನೆಯಲ್ಲಿ ರಾಗಿ, ಅಕ್ಕಿ, ಬೇಳೆ, ಕ್ಯಾರೆಟ್ ಎಲ್ಲ ಬೇಯಿಸಿ ಮಿಕ್ಸಿಗೆ ಹಾಕುತ್ತಾರೆ. ಮೂಗಿನ ನಳಿಕೆ, ನಾವು ರೈಲ್ಸ್ ಟ್ಯೂಬ್ ಎನ್ನುವುದು, ಹದಿನಾರರ ಅಳತೆಯದಾದರೆ ಹೊರಗಿನಿಂದ ಸುಮಾರು 5 ಮಿಲಿಮೀಟರ್ ದಪ್ಪ, ಒಳದಾರಿ ಇನ್ನೂ ಕಿರಿದು. ಒಮ್ಮೆ ಕಟ್ಟಿಕೊಂಡಿತೆಂದರೆ ಆಟೋ ಹಿಡಿದು ಆಸ್ಪತ್ರೆಗೆ ಬರಬೇಕು, ಮತ್ತೆ ಮೂಗಿಗೆ ತೂರಿಸುವ ಹಿಂಸೆ ನೋಡಬೇಕು. ಆ ಹೆದರಿಕೆಗೆ ಜರಡಿ ಹಿಡಿಯುತ್ತಾರೆ, ಜರಡಿಯ ಮೇಲೆ ಬಟ್ಟೆಯನ್ನೂ ಹಾಕುತ್ತಾರೆ. ಚರಟ ಮೇಲೆ ಉಳಿಯುತ್ತದೆ, ಗಂಜಿಯ ತಿಳಿ, ಬೇಳೆಕಟ್ಟು ಕೆಳಗಿಳಿಯುತ್ತದೆ. ಅದಕ್ಕೆ ಇನ್ನಷ್ಟು ನೀರು. ಬಿಪಿ ಇದೆಯೆಂದು ಉಪ್ಪಿಲ್ಲ, ಶುಗರ್ ಇದೆಯೆಂದು ಬೆಲ್ಲವಿಲ್ಲ, ಜೀರ್ಣವಾಗದೆಂದು ಎಣ್ಣೆ ಇಲ್ಲ. ಎರಡು ಗಂಟೆಗೊಮ್ಮೆ 200 ಮಿಲಿಲೀಟರ್, ದಿನಕ್ಕೆ ಎಂಟು ಸಲ, ಒಂದೂ ತಪ್ಪಿಸದೆ ಕೊಡುತ್ತಾರೆ. ಚಾರ್ಟಿನಲ್ಲಿ 1600 ಎಂದು ದಾಖಲಾಗುತ್ತದೆ. ಮಿಲಿಲೀಟರಿಗೆ ಅರ್ಧ ಕ್ಯಾಲರಿಯೂ ಇಲ್ಲದ ಆ ತಿಳಿಯಿಂದ ದಿನಕ್ಕೆ 800 ಕ್ಯಾಲರಿ ಕೂಡ ದಕ್ಕುವುದಿಲ್ಲ. 55 ಕಿಲೋ ತೂಕದ ಮನುಷ್ಯನಿಗೆ ಬೇಕಾದದ್ದು ಹತ್ತಿರ ಹತ್ತಿರ ಅದರ ಎರಡರಷ್ಟು.

ಇಷ್ಟು ಪ್ರೀತಿಯಿಂದ, ಇಷ್ಟು ಹೊತ್ತುಹೊತ್ತಿಗೆ ಉಣಿಸಿದವರೆದುರು ನಿಂತು ಸಾಲದು ಎನ್ನುವುದು ಕಷ್ಟ. ಆದರೂ ಅದನ್ನು ಹೇಳಲೇಬೇಕು. ಏಕೆಂದರೆ ಕ್ಯಾಲರಿಯಷ್ಟೇ ಅಲ್ಲ, ಎಲ್ಲವನ್ನೂ ಬೇಯಿಸಿ ಸೋಸಿದ ಆಹಾರದಲ್ಲಿ ಸಿ ಜೀವಸತ್ವ ಬಹುಮಟ್ಟಿಗೆ ಉಳಿಯುವುದಿಲ್ಲ. ಒಂದರಿಂದ ಮೂರು ತಿಂಗಳು ಹೀಗೆ ಹೋದರೆ ಸ್ಕರ್ವಿ ಕಾಣಿಸಿಕೊಳ್ಳಬಹುದು, ಸಮುದ್ರಯಾನದ ಕಥೆಗಳಲ್ಲಿ ಓದಿ ಮುಗಿದುಹೋಯಿತೆಂದುಕೊಂಡ ಅದೇ ಸ್ಕರ್ವಿ. ಕಾಲಿನ ರೋಮದ ಬುಡದಲ್ಲಿ ಕೆಂಪು ಚುಕ್ಕೆ, ಸುರುಳಿಗಟ್ಟಿದ ರೋಮ, ಊದಿದ ವಸಡು. ಹೊದಿಕೆ ಸರಿಸಿ ನೋಡಿದರೆ ಮಾತ್ರ ಕಾಣುತ್ತದೆ. ಬೆನ್ನಿನ ಹುಣ್ಣು ಮಾಯದಿದ್ದರೆ, ಬಾಯಿಯ ಸುತ್ತ ಚರ್ಮ ಕೆಂಪಾಗಿ ಸುಲಿಯುತ್ತಿದ್ದರೆ ಸತುವಿನ ಕಡೆ ಯೋಚನೆ ಹೋಗಬೇಕು. ನಳಿಕೆಯ ತುದಿ ಜಠರವನ್ನು ದಾಟಿ ಸಣ್ಣಕರುಳಿನೊಳಗೆ ಇಳಿದಿದ್ದರೆ ತಾಮ್ರ. ಅದನ್ನು ಹೀರುವ ಜಾಗವೇ ತಪ್ಪಿಹೋಗಿರುತ್ತದೆ. ಆಗ ಬರುವ ರಕ್ತಹೀನತೆ, ಕಾಲಿನ ಜೋಮು ಬಿ12 ಕೊರತೆಯಂತೆಯೇ ತೋರುತ್ತವೆ.

ಇನ್ನೊಂದು ಒಲವನ್ನೂ ಒಪ್ಪಿಕೊಳ್ಳಬೇಕು. ಸುಮ್ಮನೆ ಮಲಗಿರುವ ರೋಗಿ ನನಗೆ ಹಿತ. ನಳಿಕೆ ಕಿತ್ತುಕೊಳ್ಳುವುದಿಲ್ಲ, ಕೂಗುವುದಿಲ್ಲ, ‘ತುಂಬಾ ಕೋಆಪರೇಟಿವ್’ ಎಂದು ನರ್ಸ್‌ಗಳೂ ಹೊಗಳುತ್ತಾರೆ. 1944-45ರಲ್ಲಿ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು, ಅವರೇ ಒಪ್ಪಿ ಮುಂದೆ ಬಂದಿದ್ದವರನ್ನು, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಗಮನಿಸಿದರು. ಅವರು ಮಂಕಾದರು, ಮಾತು ಕಡಿಮೆಯಾಯಿತು, ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. ನಾನು ಸಮಾಧಾನ ಎಂದುಕೊಳ್ಳುವುದು ಹಸಿವಿನ ಲಕ್ಷಣವಾಗಿರಬಹುದು. ಥಯಾಮಿನ್, ಅಂದರೆ ಬಿ1 ಜೀವಸತ್ವದ ವಿಷಯದಲ್ಲಂತೂ ಕಾಯುವಷ್ಟು ಸಮಯವಿಲ್ಲ. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ. ವಾಂತಿ ನಿಲ್ಲದ ಗರ್ಭಿಣಿ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಉಣ್ಣಲಾಗದವರು ಗೊಂದಲದ ಮಾತಾಡತೊಡಗಿದರೆ, ಕಣ್ಣುಗುಡ್ಡೆ ನೆಟ್ಟಗೆ ತಿರುಗದಿದ್ದರೆ ಅದು ವರ್ನಿಕೆ ಕಾಯಿಲೆ ಇರಬಹುದು. ಪೇಷಂಟ್ ಕಡೆಯವರು ‘ಗ್ಲೂಕೋಸ್ ಹಾಕಿಸಿ, ಶಕ್ತಿ ಬರ್ಲಿ’ ಎನ್ನುತ್ತಾರೆ. ಅರ್ಧ ಲೀಟರಿನ ಐದು ಪರ್ಸೆಂಟ್ ಬಾಟಲಿಯಲ್ಲಿ ಇರುವುದು 85 ಕ್ಯಾಲರಿ. ಅದನ್ನು ಅರಗಿಸಲು ದೇಹ ಉಳಿದಿದ್ದ ಥಯಾಮಿನ್ನನ್ನೂ ಬಳಸಿಕೊಳ್ಳುತ್ತದೆ. ಇಂಥವರಿಗೆ ಥಯಾಮಿನ್ ಮೊದಲು ಹೋಗಬೇಕು.

ಕೈ ಮತ್ತು ಕಿವಿಯ ಮೇಲೆ ನನಗೆ ಭರವಸೆ ಬರುವುದು ಖುರ್ಷಿದ್ ಜೀಜೀಭಾಯ್ ಅವರ ಕೆಲಸ ನೆನೆದಾಗ. ಟೊರಾಂಟೊದಲ್ಲಿದ್ದ ಈ ಭಾರತೀಯ ಮೂಲದ ವೈದ್ಯರ ತಂಡ 1977ರಲ್ಲಿ ಒಬ್ಬ ಮಹಿಳೆಯ ಬಗ್ಗೆ ವರದಿ ಮಾಡಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಆಕೆಯ ಆಹಾರವೆಲ್ಲ ರಕ್ತನಾಳದ ಮೂಲಕವೇ. ಆಕೆಯ ತೂಕ ಇಳಿಯಿತು, ಸಕ್ಕರೆ ಏರಿತು, ನರಗಳು ಸೋತವು. ಬಾಟಲಿಯಲ್ಲಿ ಇಲ್ಲದಿದ್ದದ್ದು ಕ್ರೋಮಿಯಂ. ಅದನ್ನು ಸೇರಿಸಿದ ಮೇಲೆ ಇನ್ಸುಲಿನ್ ಬೇಡವಾಯಿತು. ಅನ್ನದಲ್ಲಿ ಏನೇನಿದೆ ಎಂದು ನಮಗೆ ಪೂರ್ತಿ ತಿಳಿಸಿಕೊಟ್ಟವರು ಅನ್ನ ಉಣ್ಣಲಾಗದ ಇಂಥವರೇ, ತಮ್ಮ ಮೈಯನ್ನೇ ತೆತ್ತು. ಅದೇ ಜೀಜೀಭಾಯ್ ಅವರ ಬಳಗ 1982ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ತೋರಿಸಿದ್ದು ಸರಳ ಸಂಗತಿ: ರೋಗಿಯ ಕಥೆ ಕೇಳಿ, ಮೈ ಮುಟ್ಟಿ ನೋಡಿದ ವೈದ್ಯರ ತೀರ್ಮಾನವನ್ನು ನೆಚ್ಚಿಕೊಳ್ಳಬಹುದು. ಎಷ್ಟು ತೂಕ ಇಳಿಯಿತು, ಎರಡು ವಾರದಿಂದ ವಾಂತಿ ಭೇದಿ ಇದೆಯೇ, ನಡೆದಾಡುತ್ತಿದ್ದವರು ಹಾಸಿಗೆ ಹಿಡಿದರೇ, ಕೊಬ್ಬು ಎಲ್ಲಿ ಕರಗಿದೆ, ಪಾದದಲ್ಲಿ ನೀರಿದೆಯೇ. ಇದಕ್ಕೆ ಯಂತ್ರ ಬೇಡ. ಕೂತು ಕೇಳುವಷ್ಟು ಹೊತ್ತು ಬೇಕು, ನಾನು ಜಿಪುಣತನ ಮಾಡುವುದು ಅದರಲ್ಲೇ.

ಮನೆಯಲ್ಲಿ ಇಂಥವರನ್ನು ಉಣಿಸುತ್ತಿರುವವರಿಗೆ ನನ್ನದೊಂದು ವಿನಂತಿ. ವಾರಕ್ಕೊಮ್ಮೆ ದರ್ಜಿಯ ಟೇಪಿನಿಂದ ಅವರ ತೋಳಿನ ನಡುಭಾಗ ಅಳೆದು ಬರೆದಿಡಿ, ವಯಸ್ಕರಲ್ಲಿ 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಇಳಿಯುತ್ತಲೇ ಹೋದರೆ, ತಡಮಾಡಬೇಡಿ. ಆದರೆ ಗಾಬರಿಯಿಂದ ಒಮ್ಮೆಲೇ ಆಹಾರ ಹೆಚ್ಚಿಸಬೇಡಿ. ಹಲವು ದಿನ ಏನೂ ಹೋಗದ ದೇಹಕ್ಕೆ ದಿಢೀರನೆ ಪೂರ್ತಿ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯವೇ ನಿಲ್ಲಬಹುದು. ಎರಡನೇ ಮಹಾಯುದ್ಧದ ನಂತರ ಹಸಿದ ಕೈದಿಗಳು ಊಟ ಸಿಕ್ಕ ಮೇಲೆ ಸತ್ತದ್ದುಂಟು. ಎಷ್ಟು ಕೊಡಬೇಕು, ಎಷ್ಟು ನಿಧಾನವಾಗಿ ಏರಿಸಬೇಕು ಎಂಬುದನ್ನು ನಮ್ಮನ್ನು ಕೇಳಿ. ಬರುವಾಗ ನಳಿಕೆಗೆ ಏನು ಹಾಕಿದಿರಿ ಎಂಬುದರ ಜೊತೆಗೆ ಜರಡಿಯಲ್ಲಿ ಏನು ಉಳಿಯಿತು, ಎಷ್ಟು ನೀರು ಬೆರೆಸಿದಿರಿ ಎಂಬುದನ್ನೂ ಬರೆದು ತನ್ನಿ. ನಾವು ಫೈಲಿನಿಂದ ತಲೆ ಎತ್ತದಿದ್ದರೆ, ಕೈಹಿಡಿದು ನಿಲ್ಲಿಸಿ ಹೇಳಿ.