ಅಡ್ಡಬ್ಯಾಟಿನ ಹಟ

ಬ್ಯಾಟಿಂಗ್ ಆಡುವುದಕ್ಕೆಷ್ಟೋ ನೋಡುವುದಕ್ಕೂ ಅಷ್ಟೇ ಸೊಗಸು. ಕ್ವಾಲಾಲಂಪುರದ ನಮ್ಮ ವಾರಾಂತ್ಯದ ಕ್ರಿಕೆಟ್ಟಿನಲ್ಲಿ ಆ ಸೊಗಸಿಗೆ ತಪ್ಪದೆ ಕಲ್ಲು ಹಾಕುವವನು ಶಿವಮೊಗ್ಗ ಕಡೆಯ ಗೆಳೆಯ. ಚೆಂಡು ಎಲ್ಲೇ ಬೀಳಲಿ, ಮಿಡ್‌ವಿಕೆಟ್ಟಿನತ್ತಲೇ ಬೀಸುತ್ತಾನೆ. ಈ ಸೀಸನ್ನಿನಲ್ಲಿ ಚೆಂಡಿಗಿಂತ ಗಾಳಿಗೇ ಹೆಚ್ಚು ಪೆಟ್ಟು. "ಒಂದ್ಸಲ ನೇರ ಆಡೋ ಮಾರಾಯ" ಅಂದರೆ, "ನನ್ ಶಾಟ್ ಬಿಟ್ಟು ಆಡೋದಾದ್ರೆ ನಾನ್ಯಾಕೆ, ನೀನೇ ಆಡು" ಅನ್ನುತ್ತಾನೆ.

ನೇರ ಬ್ಯಾಟು ಚೆಂಡು ಬರುವ ದಾರಿಯಲ್ಲೇ ಎದುರು ಹೋಗುತ್ತದೆ. ಚೂರು ಮೊದಲಾದರೂ ತಡವಾದರೂ ಎಲ್ಲೋ ತಾಗುತ್ತದೆ. ಅಡ್ಡಬ್ಯಾಟು ಆ ದಾರಿಯನ್ನು ಒಂದೇ ಕ್ಷಣ ದಾಟುತ್ತದೆ. ಕ್ಷಣ ತಪ್ಪಿತೋ, ಸ್ಟಂಪು ಎದ್ದಿತು. ಮಳೆಯಲ್ಲಿ ನೆಂದು ಚೆಂಡು ಕೆಳಗೇ ಜಾರಿ ಬರುವ ದಿನವಂತೂ ಕೇಳುವುದೇ ಬೇಡ.

ಸ್ಟಂಪು ಏಳುವುದೆಂದರೆ ಏನೆಂದು ಇಲ್ಲಿಯ ಬಾಯುಎಮಾಸ್ ಓವಲ್ ಕಂಡಿದೆ. 2023ರ ಜುಲೈ 26ರಂದು ಮಲೇಷ್ಯಾದ ಸ್ಯಾಜ್ರುಲ್ ಇದ್ರುಸ್ ಚೀನಾ ವಿರುದ್ಧ 8 ರನ್ನಿಗೆ 7 ವಿಕೆಟ್ ಕಿತ್ತರು. ಪುರುಷರ ಅಂತರರಾಷ್ಟ್ರೀಯ ಟಿ20ಯಲ್ಲಿ ಏಳು ವಿಕೆಟ್ ಪಡೆದವರಲ್ಲಿ ಅವರೇ ಮೊದಲಿಗರು. ಏಳಕ್ಕೆ ಏಳೂ ಬೌಲ್ಡ್! ಚೀನಾ 23ಕ್ಕೆ ಆಲೌಟ್. ಮುಂದಿನವನು ಪೆವಿಲಿಯನ್ನಿಗೆ ಮರಳುವವನಿಂದ ಏನಾದರೂ ಕಲಿತನೆಂದು ಆ ಸ್ಕೋರ್‌ಕಾರ್ಡ್ ನೋಡಿದರೆ ಅನ್ನಿಸುವುದಿಲ್ಲ.

"ಬೇಸ್‌ಬಾಲ್‌ನವರು ಬೀಸಲ್ವಾ?" ಎಂಬುದು ಗೆಳೆಯನ ವಾದ. ಬೀಸುತ್ತಾರೆ, ಆದರೆ ಅವರಿಗೆ ಹಿಂದಕ್ಕೆ ಹೊಡೆದರೆ ಫೌಲು, ಕಾಯಲು ಸ್ಟಂಪಿಲ್ಲ. ಅಲ್ಲೂ ಒಂದೇ ಕಡೆ ಹೊಡೆಯುವ ಹಟಮಾರಿಗಳೆದುರು ಫೀಲ್ಡರುಗಳು ಆ ಕಡೆಗೇ ಗುಂಪುಗೂಡುತ್ತಿದ್ದರು. ಕೊನೆಗೆ 2023ರಲ್ಲಿ ಅಮೆರಿಕದ ಮೇಜರ್ ಲೀಗ್ ಆ ಗುಂಪಿಗೇ ಕಡಿವಾಣ ಹಾಕಿತು. ಅಂಥ ದಾಕ್ಷಿಣ್ಯ ನಮ್ಮ ಎದುರಾಳಿ ಕ್ಯಾಪ್ಟನ್ನುಗಳಿಗಿಲ್ಲ.

2006ರಲ್ಲಿ ಇಲ್ಲಿಯ ಕಿನ್ರಾರಾ ಓವಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಜೇಯ 141 ಹೊಡೆದ ತೆಂಡೂಲ್ಕರ್‌ಗೂ ಅದಕ್ಕೆ ಮೊದಲೊಮ್ಮೆ ಕೆಟ್ಟ ಕಾಲ ಬಂದಿತ್ತು. 2004ರ ಜನವರಿಯಲ್ಲಿ ಸಿಡ್ನಿಗೆ ಬಂದಾಗ ಕವರ್ ಡ್ರೈವೇ ಅವರಿಗೆ ಮುಳುವಾಗಿತ್ತು. ಅದನ್ನು ಪಕ್ಕಕ್ಕಿಟ್ಟು ಆಡಿದರು; ಅಜೇಯ 241. ಶಾಟು ಸಾಯಲಿಲ್ಲ, ಆ ಇನಿಂಗ್ಸಿನ ಮಟ್ಟಿಗೆ ರಜೆ ಪಡೆಯಿತು, ಅಷ್ಟೆ.

ಗೆಳೆಯನ ಬೀಸು ಯಾವಾಗಲೋ ಒಮ್ಮೆ ಕೂಡಿಬಂದಾಗ ಏಳುವ ಸದ್ದಿಗೆ ನಾನೂ ಚಪ್ಪಾಳೆ ತಟ್ಟಿದ್ದೇನೆ. ಅದು ಅವನ ಸುಖ, ಕಸಿಯಬಾರದು. ಆದರೆ ಕ್ರೀಸಿನಲ್ಲಿ ನಿಂತವನಿಗಷ್ಟೇ ಶಾಟು; ಔಟಾದವನಿಗೆ ಇಲ್ಲಿಯ ಹಾಲಿನ ಚಹಾ, ತೆ ತಾರಿಕ್ ಮಾತ್ರ. ನಿಮ್ಮ ತಂಡದಲ್ಲೂ ಇಂಥವನಿದ್ದರೆ ಹೇಳಿ: ಹಟ ಇರಲಿ, ಮೊದಲ ಎರಡು ಓವರು ಅದನ್ನು ಕಿಟ್‌ಬ್ಯಾಗಿನಲ್ಲೇ ಬಿಟ್ಟು ಬಾ.